ಸಂಶಯವೂ ಸಾಕ್ಷ್ಯವೂ



ಸಂಶಯವಿಲ್ಲದೆ ಪರಿಸರ ಚಳವಳಿಯಿಲ್ಲ. ಯೋಜನಾ ವರದಿಯು ‘ಇಲ್ಲಿ ಕಾಡಿಲ್ಲ’ ಎಂದಾಗ ಬೆಟ್ಟ ಹತ್ತಿ ನೋಡಿಬರುವುದೇ ಚಳವಳಿಗಾರನ ಕೆಲಸ. ನೋಡಿಬರುವ ಶ್ರಮವನ್ನು ಕೈಬಿಟ್ಟ ಸಂಶಯ ಎಲ್ಲಿಗೆ ಮುಟ್ಟುತ್ತದೆ ಎಂಬುದಕ್ಕೆ ಅಮೆರಿಕದ ಪ್ರಸಂಗವೊಂದು ಸಾಕ್ಷಿ.

ವೇಫೇರ್ ಎಂಬುದು ಬಾಸ್ಟನ್ನಿನಲ್ಲಿ 2002ರಲ್ಲಿ ಆರಂಭವಾದ, ಅಂತರಜಾಲದಲ್ಲಿ ಪೀಠೋಪಕರಣ ಮಾರುವ ಬೃಹತ್ ಸಂಸ್ಥೆ. 2020ರ ಜುಲೈನಲ್ಲಿ ಅದರ ಕೆಲವು ಕಪಾಟುಗಳ ಬೆಲೆ 10,000 ಡಾಲರಿಗೂ ಮಿಗಿಲಾಗಿದ್ದುದು ಕೆಲವರ ಕಣ್ಣಿಗೆ ಬಿತ್ತು. ಆ ಕಪಾಟುಗಳಿಗೆ ಹೆಣ್ಣುಮಕ್ಕಳ ಹೆಸರುಗಳಿದ್ದವು. ಕಾಣೆಯಾದ ಬಾಲಕಿಯರ ಪಟ್ಟಿಯಲ್ಲಿ ಅವೇ ಹೆಸರುಗಳನ್ನು ಹುಡುಕಿ, ಕಪಾಟಿನ ನೆಪದಲ್ಲಿ ಮಕ್ಕಳ ಮಾರಾಟ ನಡೆದಿದೆಯೆಂಬ ಕಥೆ ಕಟ್ಟಲಾಯಿತು.

ಅವು ಕೈಗಾರಿಕಾ ಬಳಕೆಯ ಕಪಾಟುಗಳು, ಬೆಲೆ ಸರಿಯಾದುದೇ ಎಂದು ಸಂಸ್ಥೆ ತಿಳಿಸಿತು. ಹೆಸರು ಬದಲಿಸಿ ವಿವರ ಸೇರಿಸಲೆಂದು ಅವನ್ನು ತಾತ್ಕಾಲಿಕವಾಗಿ ತೆಗೆದಾಗ, ತೆಗೆದದ್ದೇ ಅಪರಾಧಕ್ಕೆ ಪುರಾವೆಯೆನಿಸಿತು. ಹೆಸರಿಸಲ್ಪಟ್ಟ ಬಾಲಕಿಯರಲ್ಲಿ ಕೆಲವರು ಅಷ್ಟರಲ್ಲಾಗಲೇ ಪತ್ತೆಯಾಗಿದ್ದರು. ಒಬ್ಬಾಕೆ ತಾನು ಕಾಣೆಯಾಗಿಲ್ಲವೆಂದು ತಾನೇ ಮುಂದೆ ಬಂದು ಹೇಳಬೇಕಾಯಿತು.

ನಷ್ಟವಾದದ್ದು ವ್ಯಾಪಾರಿಗಲ್ಲ. ಆಗ ಮಾನವ ಕಳ್ಳಸಾಗಣೆಯ ವಿರುದ್ಧ ರಾಷ್ಟ್ರೀಯ ಸಹಾಯವಾಣಿ ನಡೆಸುತ್ತಿದ್ದ ಪೊಲಾರಿಸ್ ಸಂಸ್ಥೆಗೆ ಈ ಕಥೆಯನ್ನೇ ಹೇಳುವ ಕರೆಗಳು ಪ್ರವಾಹದಂತೆ ಹರಿದುಬಂದವು. ನಿಜವಾದ ಸಂತ್ರಸ್ತರಿಗೆ ನೆರವಾಗುವುದು ಇದರಿಂದ ಕಷ್ಟವಾಗುತ್ತಿದೆಯೆಂದು ಸಂಸ್ಥೆ ಬಹಿರಂಗವಾಗಿ ತಿಳಿಸಿತು.

ಹಾಗೆಂದು ದೊಡ್ಡ ವ್ಯಾಪಾರಿಯನ್ನು ಶಂಕಿಸಲೇಬಾರದೆಂದಲ್ಲ. ಫ್ರಾನ್ಸಿನ ಎಂ6 ದೂರದರ್ಶನ ವಾಹಿನಿಯ ವರದಿಗಾರರೊಬ್ಬರ ಗುಪ್ತ ಕ್ಯಾಮೆರಾ ಅಮೆಜಾನಿನ ಗೋದಾಮಿನೊಳಗೆ ಹೊಕ್ಕಿತು. ಮಾರಾಟವಾಗದ ಹೊಸ ವಸ್ತುಗಳು ನಾಶಕ್ಕೆ ಹೋಗುತ್ತಿರುವುದನ್ನು 2019ರ ಜನವರಿಯಲ್ಲಿ ದೇಶವೇ ಕಂಡಿತು. ಪರಿಸರ ಸಂಘಟನೆಗಳು ದನಿಯೆತ್ತಿದವು. ಮರುವರ್ಷದ ಫೆಬ್ರವರಿಯಲ್ಲಿ, ಮಾರಾಟವಾಗದ ಆಹಾರೇತರ ವಸ್ತುಗಳ ನಾಶವನ್ನು ನಿಷೇಧಿಸುವ ಕಾನೂನು ಬಂದಿತು. 2022ರಿಂದ ಅದು ಜಾರಿಗೊಳ್ಳತೊಡಗಿತು.

ಎರಡೂ ಕಡೆ ಮೊದಲಿಗಿದ್ದದ್ದು ಸಂಶಯವೇ. ಒಂದು ಕಡೆ ಅದು ಮನೆಯಲ್ಲೇ ಕುಳಿತು ಹೆಸರು ಹೊಂದಿಸಿತು. ಇನ್ನೊಂದು ಕಡೆ ಗೋದಾಮಿನ ಬಾಗಿಲು ದಾಟಿತು. ಒಂದು ನೊಂದವರ ದಾರಿಗೆ ಅಡ್ಡವಾಯಿತು. ಇನ್ನೊಂದು ಕಾನೂನಿಗೆ ದಾರಿ ಮಾಡಿತು.

ಗುಡ್ಡಗಾಡಿನ ಸಂಘಟನೆಗಳಿಗೆ ಈ ಭೇದ ಪ್ರಾಣಸಮಾನವಾದುದು. ಒಮ್ಮೆ ಸುಳ್ಳನ್ನು ಹಂಚಿದ ಕರಪತ್ರವನ್ನು ಮರುದಿನ ಸತ್ಯ ಹೇಳಿದರೂ ಯಾರೂ ಓದರು. ಆದುದರಿಂದ ಆಪಾದನೆಯೊಂದು ಕೈಗೆ ಬಂದಾಗ ಮೊದಲು ಕೇಳಬೇಕಾದ ಪ್ರಶ್ನೆ ಇಷ್ಟೇ: ಇದು ಸುಳ್ಳಾಗಿದ್ದರೆ ತಿಳಿಯುವುದು ಹೇಗೆ? ಉತ್ತರವಿಲ್ಲದಿದ್ದರೆ ಅದನ್ನು ಅಚ್ಚಿಗೆ ಕೊಡಬಾರದು. ಉತ್ತರವಿದ್ದರೆ, ಹೋಗಿ ನೋಡಿಬರಬೇಕು.