ಸೀಮಿತ ಹೊಣೆಗಾರಿಕೆಯ ಸೀಮಿತವಲ್ಲದ ಹೊಣೆ

(ವ್ಯಾಪಾರಿ ಕುಟುಂಬಗಳ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹರೂಪ)



ವ್ಯಾಪಾರವು ನಮ್ಮ ಪಟ್ಟಣಗಳ ಮುಸ್ಲಿಮ್ ಕುಟುಂಬಗಳಿಗೆ ಹೊಸತೇನಲ್ಲ. ಬಟ್ಟೆ, ಮರ, ಮೀನು, ಹಣ್ಣು, ಚರ್ಮ, ಸಾರಿಗೆ ಹೀಗೆ ತಲೆಮಾರುಗಳಿಂದ ನಾವು ವ್ಯಾಪಾರವನ್ನು ನಂಬಿ ಬದುಕಿದವರು. ಬದಲಾಗಿರುವುದು ಅದರ ರೂಪ. ತಂದೆಯ ಕಾಲದಲ್ಲಿ ಅಂಗಡಿಯು ಒಬ್ಬರ ಹೆಸರಿನಲ್ಲಿತ್ತು ಅಥವಾ ಸಹೋದರರ ಪಾಲುದಾರಿಕೆಯಲ್ಲಿತ್ತು. ಮಕ್ಕಳ ಕಾಲಕ್ಕೆ ಅದು ಪ್ರೈವೇಟ್ ಲಿಮಿಟೆಡ್ ಕಂಪೆನಿಯಾಗಿದೆ ಅಥವಾ ಎಲ್‌ಎಲ್‌ಪಿ ಎಂದು ಕರೆಯಲ್ಪಡುವ ಸೀಮಿತ ಹೊಣೆಗಾರಿಕೆಯ ಪಾಲುದಾರಿಕೆಯಾಗಿದೆ. ಬ್ಯಾಂಕಿನ ಸಾಲಕ್ಕೆ, ಟೆಂಡರಿಗೆ, ದೊಡ್ಡ ಸಂಸ್ಥೆಗಳ ವಿತರಕತ್ವಕ್ಕೆ ಈ ರೂಪವು ಅನುಕೂಲವೆಂದು ನಾವು ಕಂಡುಕೊಂಡಿದ್ದೇವೆ. ಅದು ತಪ್ಪಲ್ಲ. ಆದರೆ ಕಂಪೆನಿಯನ್ನು ನೋಂದಾಯಿಸುವಲ್ಲಿ ತೋರುವ ಉತ್ಸಾಹವನ್ನು ವರ್ಷ ವರ್ಷವೂ ಅದರ ಲೆಕ್ಕ ಒಪ್ಪಿಸುವಲ್ಲಿ ನಾವು ತೋರುತ್ತಿದ್ದೇವೆಯೇ? ಇಂದು ನಾವು ಚಿಂತಿಸಬೇಕಾದ ವಿಷಯ ಇದುವೇ.

ಈ ಹೊಣೆಯು ಎಲ್ಲಿಂದ ಬಂತೆಂಬುದನ್ನು ಮೊದಲು ತಿಳಿಯೋಣ. ಲಂಡನ್ನಿನಲ್ಲಿ ಸಾಲೊಮನ್ ಎಂಬ ಬೂಟು ತಯಾರಕರಿದ್ದರು. 1892ರಲ್ಲಿ ಅವರು ತನ್ನ ವ್ಯಾಪಾರವನ್ನು ಕಂಪೆನಿಯಾಗಿ ಮಾರ್ಪಡಿಸಿದರು. ಒಟ್ಟು 20,007 ಶೇರುಗಳ ಪೈಕಿ 20,001 ಅವರದ್ದಾಗಿತ್ತು. ಉಳಿದ ಆರು ಶೇರುಗಳು ಅವರ ಪತ್ನಿ, ಪುತ್ರಿ ಮತ್ತು ನಾಲ್ವರು ಪುತ್ರರ ಹೆಸರಿನಲ್ಲಿ ಒಂದೊಂದರಂತೆ ಇದ್ದುವು. ಕಂಪೆನಿ ಮುಳುಗಿದಾಗ ಅದರ ಸಾಲವನ್ನು ಸಾಲೊಮನ್‌ರ ಸ್ವಂತ ಸೊತ್ತಿನಿಂದ ವಸೂಲು ಮಾಡಬಹುದೇ ಎಂಬ ಪ್ರಶ್ನೆ ಎದ್ದಿತು. ಸಾಧ್ಯವಿಲ್ಲ, ಕಂಪೆನಿಯೇ ಬೇರೆ, ಸಾಲೊಮನ್ ಬೇರೆ ಎಂದು ಬ್ರಿಟನ್ನಿನ ಅತ್ಯುನ್ನತ ನ್ಯಾಯಪೀಠವಾಗಿದ್ದ ಹೌಸ್ ಆಫ್ ಲಾರ್ಡ್ಸ್ 1896ರಲ್ಲಿ ತೀರ್ಪಿತ್ತಿತು. ಜಗತ್ತಿನಾದ್ಯಂತ ಕಂಪೆನಿ ಕಾನೂನಿನ ಒಂದು ಆಧಾರಸ್ತಂಭವಾಗಿ ನಿಂತಿರುವುದು ಹೀಗೆ ಒಂದು ಕುಟುಂಬದ ಕಂಪೆನಿಯ ಮೊಕದ್ದಮೆ. ಸೀಮಿತ ಹೊಣೆಗಾರಿಕೆಯು ಭಾರತಕ್ಕೆ ಅದಕ್ಕೂ ಮುಂಚೆಯೇ, 1857ರ ಕಾನೂನಿನ ಮೂಲಕ ಬಂದಿತ್ತು.

ಇದರ ಅರ್ಥವೇನು? ಸಾಧಾರಣ ಪಾಲುದಾರಿಕೆಯಲ್ಲಿ ವ್ಯಾಪಾರವು ಸೋತರೆ ಸಾಲಗಾರನು ಪಾಲುದಾರನ ಮನೆಯ ಬಾಗಿಲಿಗೂ ಬರಬಲ್ಲ. ಕಂಪೆನಿಯಲ್ಲಿ ಹಾಗಲ್ಲ. ಸ್ವತಃ ಜಾಮೀನು ನಿಲ್ಲದ ಮತ್ತು ವಂಚನೆ ಎಸಗದ ಶೇರುದಾರನು ತನ್ನ ಶೇರಿನ ಮೊತ್ತದಷ್ಟನ್ನು ಮಾತ್ರ ಕಳೆದುಕೊಳ್ಳುತ್ತಾನೆ. ಇದು ಸಮಾಜವು ವ್ಯಾಪಾರಿಗೆ ನೀಡಿರುವ ಬಹು ದೊಡ್ಡ ರಕ್ಷಣೆ. ಆದರೆ ಈ ರಕ್ಷಣೆಯ ಭಾರವನ್ನು ಹೊರುವವರಾರು? ಕಂಪೆನಿಗೆ ಸರಕು ಕೊಟ್ಟ ಪೂರೈಕೆದಾರ, ಸಂಬಳ ಬರಬೇಕಾದ ನೌಕರ, ಮುಂಗಡ ಕೊಟ್ಟ ಗ್ರಾಹಕ. ಅವರಿಗೆ ಕಂಪೆನಿಯ ನಿಜಸ್ಥಿತಿಯನ್ನು ತಿಳಿಯುವ ಹಕ್ಕು ಇರಬೇಡವೇ? ಆದ್ದರಿಂದಲೇ ಕಾನೂನು ಈ ರಕ್ಷಣೆಗೆ ಪ್ರತಿಯಾಗಿ ಒಂದು ಬೆಲೆಯನ್ನು ಗೊತ್ತುಪಡಿಸಿದೆ. ವರ್ಷಕ್ಕೊಮ್ಮೆ ತನ್ನ ಲೆಕ್ಕವನ್ನು, ತನ್ನ ಒಡೆಯರು ಮತ್ತು ನಿರ್ದೇಶಕರು ಯಾರೆಂಬುದನ್ನು ಎಲ್ಲರೂ ನೋಡಬಹುದಾದ ಸ್ಥಳದಲ್ಲಿ ಇಡಬೇಕೆಂಬುದೇ ಆ ಬೆಲೆ. ಇಂದು ಯಾರೇ ಆಗಲಿ ಕೇಂದ್ರ ಸರಕಾರದ ಕಂಪೆನಿ ವ್ಯವಹಾರಗಳ ಸಚಿವಾಲಯದ ಪೋರ್ಟಲ್‌ನಲ್ಲಿ ನಿಗದಿತ ಶುಲ್ಕ ತೆತ್ತು ಒಂದು ಕಂಪೆನಿಯ ಸಾರ್ವಜನಿಕ ದಾಖಲೆಗಳನ್ನು ಪರಿಶೀಲಿಸಬಹುದು.

ಸಲ್ಲಿಸಬೇಕಾದುದು ಏನೆಂಬುದನ್ನು ಈಗ ನೋಡೋಣ. 2013ರ ಕಂಪೆನಿ ಕಾಯ್ದೆಯಂತೆ ಮಾರ್ಚ್ 31ಕ್ಕೆ ಹಣಕಾಸು ವರ್ಷವು ಮುಗಿದ ಬಳಿಕ ಆರು ತಿಂಗಳೊಳಗೆ, ಅಂದರೆ ಸಾಮಾನ್ಯವಾಗಿ ಸೆಪ್ಟೆಂಬರ್ 30ರೊಳಗೆ, ವಾರ್ಷಿಕ ಮಹಾಸಭೆ ನಡೆಯಬೇಕು. ಸಭೆಯಿಂದ 30 ದಿನಗಳೊಳಗೆ ಹಣಕಾಸು ಲೆಕ್ಕಪತ್ರವನ್ನು ಎಒಸಿ-4 ನಮೂನೆಯಲ್ಲಿ, 60 ದಿನಗಳೊಳಗೆ ವಾರ್ಷಿಕ ವಿವರವನ್ನು ಎಂಜಿಟಿ-7 ನಮೂನೆಯಲ್ಲಿ ಸಲ್ಲಿಸಬೇಕು. ಸಣ್ಣ ಕಂಪೆನಿಗಳಿಗೆ ಎಂಜಿಟಿ-7ಎ ಎಂಬ ಸರಳ ನಮೂನೆ ಇದೆ. 2008ರ ಕಾಯ್ದೆಯಡಿ ನೋಂದಾಯಿತವಾದ ಎಲ್‌ಎಲ್‌ಪಿಗಳು ಮೇ 30ರೊಳಗೆ ನಮೂನೆ 11ನ್ನೂ ಅಕ್ಟೋಬರ್ 30ರೊಳಗೆ ನಮೂನೆ 8ನ್ನೂ ಸಲ್ಲಿಸಬೇಕು. ಶಾಲೆ ಅಥವಾ ಆಸ್ಪತ್ರೆ ನಡೆಸಲೆಂದು ಕಾಯ್ದೆಯ 8ನೇ ಸೆಕ್ಷನ್ನಿನಡಿ ಸ್ಥಾಪಿಸಿದ ಲಾಭರಹಿತ ಕಂಪೆನಿಗಳಿಗೂ ವಾರ್ಷಿಕ ಸಲ್ಲಿಕೆಯಿಂದ ವಿನಾಯಿತಿ ಇಲ್ಲ.

ವ್ಯಾಪಾರವೇ ನಡೆಯದಿದ್ದರೆ ಏನನ್ನು ಸಲ್ಲಿಸುವುದು ಎಂದು ಕೆಲವರು ಕೇಳುತ್ತಾರೆ. ವಸ್ತುತಃ ಅತ್ಯಂತ ಹೆಚ್ಚು ಅನರ್ಥಕ್ಕೆ ಕಾರಣವಾಗುತ್ತಿರುವುದು ಈ ತಪ್ಪು ಕಲ್ಪನೆಯೇ. ಒಂದು ರೂಪಾಯಿಯ ವಹಿವಾಟು ಇಲ್ಲದಿದ್ದರೂ ಕಂಪೆನಿಯು ಜೀವಂತವಾಗಿರುವ ತನಕ ಲೆಕ್ಕ ಒಪ್ಪಿಸಲೇಬೇಕು. ಆದಾಯ ತೆರಿಗೆ ಮತ್ತು ಜಿಎಸ್‌ಟಿ ಸಲ್ಲಿಕೆಯಾಗಿದೆಯಲ್ಲ ಎಂಬ ಸಮಾಧಾನವೂ ಸಲ್ಲದು. ಅವೆರಡೂ ಬೇರೆ ಇಲಾಖೆಗಳಿಗೆ ಸಂಬಂಧಿಸಿದವು.

ವಿಳಂಬದ ಪರಿಣಾಮವನ್ನು ಅಂಕೆಗಳಲ್ಲಿಯೇ ಹೇಳುವುದು ಒಳಿತು. 2018ರ ಜುಲೈಯಿಂದ ಕಂಪೆನಿಗಳ ವಾರ್ಷಿಕ ನಮೂನೆಗಳಿಗೆ ದಿನವೊಂದಕ್ಕೆ, ನಮೂನೆಯೊಂದಕ್ಕೆ 100 ರೂಪಾಯಿಯಂತೆ ಹೆಚ್ಚುವರಿ ಶುಲ್ಕವನ್ನು ವಿಧಿಸಲಾಗಿದೆ. ಇದಕ್ಕೆ ಗರಿಷ್ಠ ಮಿತಿಯಿಲ್ಲ. ಎರಡು ನಮೂನೆಗಳು ಒಂದು ವರ್ಷ ತಡವಾದರೆ 73,000 ರೂಪಾಯಿ. ಮೂರು ವರ್ಷಗಳ ನಮೂನೆಗಳು ಬಾಕಿಯಿದ್ದು, ಮೊದಲ ವರ್ಷದವು ಮೂರು ವರ್ಷ, ಎರಡನೆಯ ವರ್ಷದವು ಎರಡು ವರ್ಷ, ಕೊನೆಯವು ಒಂದು ವರ್ಷ ತಡವಾಗಿದ್ದರೆ ಒಟ್ಟು 4,38,000 ರೂಪಾಯಿ. ಇಷ್ಟು ಹಣವನ್ನು ಅನೇಕ ಸಣ್ಣ ಕಂಪೆನಿಗಳು ತಮ್ಮ ಇಡೀ ಆಯುಷ್ಯದಲ್ಲಿ ಲಾಭವಾಗಿ ಕಂಡಿರಲಾರವು. ಕಾಯ್ದೆಯು ಹೇಳುವ ದಂಡವು ಇದಕ್ಕಿಂತ ಪ್ರತ್ಯೇಕ.

ಹಣದ ನಷ್ಟಕ್ಕಿಂತಲೂ ಗಂಭೀರವಾದುದು ಇನ್ನೊಂದಿದೆ. ಕಾಯ್ದೆಯ 164(2)ನೇ ಸೆಕ್ಷನ್ನಿನ ಪ್ರಕಾರ ಕಂಪೆನಿಯು ನಿರಂತರ ಮೂರು ಹಣಕಾಸು ವರ್ಷಗಳ ಲೆಕ್ಕಪತ್ರ ಅಥವಾ ವಾರ್ಷಿಕ ವಿವರವನ್ನು ಸಲ್ಲಿಸದಿದ್ದರೆ ಅದರ ನಿರ್ದೇಶಕರು ಐದು ವರ್ಷಗಳ ಕಾಲ ಆ ಕಂಪೆನಿಯಲ್ಲಿ ಮರುನೇಮಕಗೊಳ್ಳಲು ಅಥವಾ ಬೇರೆ ಕಂಪೆನಿಯಲ್ಲಿ ನಿರ್ದೇಶಕರಾಗಲು ಅನರ್ಹರಾಗುತ್ತಾರೆ. 2017ರಲ್ಲಿ ಇದು ಕಾರ್ಯರೂಪಕ್ಕೆ ಬಂದ ಬಗೆಯನ್ನು ದೇಶ ಕಂಡಿದೆ. ಆ ವರ್ಷ ಕೇಂದ್ರ ಸರಕಾರವು 2 ಲಕ್ಷಕ್ಕೂ ಅಧಿಕ ಕಂಪೆನಿಗಳ ಹೆಸರನ್ನು ನೋಂದಣಿಯಿಂದ ಅಳಿಸಿತು. ಸುಮಾರು 3 ಲಕ್ಷ ನಿರ್ದೇಶಕರು ಅನರ್ಹರಾದರು. ಅಳಿಸಲ್ಪಟ್ಟ ಕಂಪೆನಿಗಳ ಬ್ಯಾಂಕ್ ಖಾತೆಗಳ ಮೇಲೆ ನಿರ್ಬಂಧ ಬಿತ್ತು.

ಇದನ್ನು ಕಪ್ಪುಹಣ ಮತ್ತು ಶೆಲ್ ಕಂಪೆನಿಗಳ ವಿರುದ್ಧದ ಸಮರವೆಂದು ಸರಕಾರವು ಬಣ್ಣಿಸಿತು. ಹೆಸರಿಗಷ್ಟೇ ಇರುವ ಕಂಪೆನಿಗಳ ಮೂಲಕ ಹಣವನ್ನು ಅತ್ತಿತ್ತ ಹರಿಸುವವರನ್ನು ಹಿಡಿಯಬೇಕೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ನಮೂನೆ ಸಲ್ಲಿಸದವರೆಲ್ಲ ಕಪ್ಪುಹಣದವರೇ? ನಿಪುಣ ವಂಚಕನು ತನ್ನ ಕಾಗದಪತ್ರಗಳನ್ನು ಸಕಾಲದಲ್ಲಿ ಒಪ್ಪವಾಗಿಯೇ ಸಲ್ಲಿಸುತ್ತಾನೆ. ಅಜ್ಞಾನದಿಂದಲೋ ವ್ಯಾಪಾರ ಕೈಕೊಟ್ಟ ಹತಾಶೆಯಿಂದಲೋ ಸುಮ್ಮನಿದ್ದ ಸಣ್ಣ ವ್ಯಾಪಾರಿಯ ಹೆಸರೂ ಅದೇ ಪಟ್ಟಿಯಲ್ಲಿ ಸೇರಿಹೋಗುತ್ತದೆ. ನಿರ್ದೇಶಕರು ದೇಶದ ಹಲವು ಹೈಕೋರ್ಟ್‌ಗಳ ಮೊರೆಹೋದರು. ಕರ್ನಾಟಕ ಹೈಕೋರ್ಟ್ 2019ರ ಜೂನ್‌ನಲ್ಲಿ ಕಾನೂನಿನ ಸಿಂಧುತ್ವವನ್ನು ಎತ್ತಿಹಿಡಿಯಿತಾದರೂ, ಹಳೆಯ 1956ರ ಕಾಯ್ದೆಯ ಕಾಲದ ಲೋಪವನ್ನು ಲೆಕ್ಕಕ್ಕೆ ಹಿಡಿದು ಖಾಸಗಿ ಕಂಪೆನಿಗಳ ನಿರ್ದೇಶಕರನ್ನು ಅನರ್ಹಗೊಳಿಸುವಂತಿಲ್ಲವೆಂದು ಹೇಳಿತು. 2018ರಲ್ಲಿಯೂ 2020ರಲ್ಲಿಯೂ ಸರಕಾರವು ಬಾಕಿದಾರರಿಗೆ ತಾತ್ಕಾಲಿಕ ಯೋಜನೆಗಳನ್ನು ಪ್ರಕಟಿಸಿತು. ಆದರೆ ಮುಂದೊಮ್ಮೆ ಮಾಫಿ ಬಂದೀತೆಂದು ಕಾದು ಕುಳಿತುಕೊಳ್ಳುವುದು ವಿವೇಕವಲ್ಲ.

ಇನ್ನು ಆನ್‌ಲೈನ್ ವ್ಯವಸ್ಥೆಯ ಬಗ್ಗೆ. 2006ರಲ್ಲಿ ಎಂಸಿಎ-21 ಎಂಬ ಯೋಜನೆಯೊಂದಿಗೆ ಕಂಪೆನಿಗಳ ಸಲ್ಲಿಕೆಯು ಕಾಗದದಿಂದ ಕಂಪ್ಯೂಟರಿಗೆ ವರ್ಗವಾಯಿತು. ಪೋರ್ಟಲ್‌ನ ಮೂರನೆಯ ಆವೃತ್ತಿಗೆ 2022ರಲ್ಲಿ ಎಲ್‌ಎಲ್‌ಪಿ ನಮೂನೆಗಳೂ 2025ರಲ್ಲಿ ಕಂಪೆನಿಗಳ ವಾರ್ಷಿಕ ನಮೂನೆಗಳೂ ಬಂದುವು. ಬೆಂಗಳೂರಿನ ಕೋರಮಂಗಲದಲ್ಲಿರುವ ರಿಜಿಸ್ಟ್ರಾರ್ ಕಚೇರಿಗೆ ಕಲಬುರಗಿಯಿಂದಲೋ ಭಟ್ಕಳದಿಂದಲೋ ಕಾಗದದ ಕಟ್ಟು ಹೊತ್ತು ಹೋಗಬೇಕಾದ ಅಗತ್ಯ ಈಗಿಲ್ಲ. ಇದು ಸ್ವಾಗತಾರ್ಹ. ಆದರೆ ನಮೂನೆಗಳು ಕನ್ನಡದಲ್ಲಿಲ್ಲ. ಕೊನೆಯ ದಿನಗಳ ನೂಕುನುಗ್ಗಲಿನಲ್ಲಿ ಪೋರ್ಟಲ್ ನಿಧಾನವಾಗುತ್ತದೆಂಬ ದೂರೂ ಹಳೆಯದು. ಸಲ್ಲಿಸದವನಿಗೆ ದಿನಕ್ಕೆ 100 ರೂಪಾಯಿ ವಿಧಿಸುವ ವ್ಯವಸ್ಥೆಯು ಅವನಿಗೆ ಅರ್ಥವಾಗುವ ಭಾಷೆಯಲ್ಲಿ ಆ ನಮೂನೆಯನ್ನು ಒದಗಿಸಬೇಕೆಂದು ಆಗ್ರಹಿಸುವ ಹಕ್ಕು ನಮಗಿದೆ.

ಸರಕಾರವನ್ನು ಪ್ರಶ್ನಿಸಿದ ಬಳಿಕ ನಮ್ಮ ಮನೆಗಳೊಳಗೂ ಒಮ್ಮೆ ಇಣುಕಿ ನೋಡೋಣ. ಖಾಸಗಿ ಕಂಪೆನಿಗೆ ಕನಿಷ್ಠ ಇಬ್ಬರು ನಿರ್ದೇಶಕರು ಬೇಕು. ಎರಡನೆಯ ಹೆಸರು ಯಾರದ್ದು? ಎಷ್ಟೋ ಕುಟುಂಬಗಳಲ್ಲಿ ಅದು ಪತ್ನಿಯದ್ದು ಅಥವಾ ವೃದ್ಧ ತಾಯಿಯದ್ದು. ತೋರಿಸಿದಲ್ಲಿ ಸಹಿ ಹಾಕಿದ್ದಷ್ಟೇ ಆಕೆಗೆ ಗೊತ್ತು. ಆಕೆಯ ಡಿಜಿಟಲ್ ಸಹಿಯ ಸಾಧನವು ಮೂರನೆಯವರ ಕಚೇರಿಯ ಮೇಜಿನ ಡ್ರಾಯರಿನಲ್ಲಿರುತ್ತದೆ. 2000ನೇ ಇಸವಿಯ ಮಾಹಿತಿ ತಂತ್ರಜ್ಞಾನ ಕಾಯ್ದೆಯು ಡಿಜಿಟಲ್ ಸಹಿಗೆ ಕೈಬರಹದ ಸಹಿಯ ಮಾನ್ಯತೆಯನ್ನೇ ನೀಡಿದೆ. ಕಂಪೆನಿಯು ಮೂರು ವರ್ಷ ಲೆಕ್ಕ ಒಪ್ಪಿಸದಿದ್ದರೆ ಅನರ್ಹತೆಯ ಪಟ್ಟಿಯಲ್ಲಿ ಪತಿಯ ಹೆಸರಿನ ಜೊತೆಗೆ ಆಕೆಯ ಹೆಸರೂ ಬರುತ್ತದೆ. ನಾಳೆ ಆಕೆ ತನ್ನದೇ ಉದ್ಯಮವನ್ನು ಕಂಪೆನಿಯಾಗಿ ಆರಂಭಿಸಬಯಸಿದರೆ ಆ ಬಾಗಿಲು ಮುಚ್ಚಿರುತ್ತದೆ. ತಾನು ಮಾಡದ ತಪ್ಪಿಗೆ, ತನಗೆ ತಿಳಿಯದ ತಪ್ಪಿಗೆ ಆಕೆ ದಂಡ ತೆರಬೇಕೇ? ಹೆಸರನ್ನು ಕೇಳುವವರು ಆ ಹೆಸರಿನ ಹೊಣೆಯನ್ನೂ ವಿವರಿಸಬೇಕು. ಶೇರನ್ನು ಕೊಟ್ಟಿದ್ದರೆ ಅದರ ಲಾಭಾಂಶವೂ ಮಹಾಸಭೆಯಲ್ಲಿ ಮಾತನಾಡುವ ಹಕ್ಕೂ ಆಕೆಯದ್ದೇ.

ಕೊಲ್ಲಿ ರಾಷ್ಟ್ರಗಳಲ್ಲಿ ದುಡಿಯುವ ಸಹೋದರರೂ ಇದನ್ನು ಗಮನಿಸಬೇಕು. ಕಂಪೆನಿಯ ಒಬ್ಬ ನಿರ್ದೇಶಕನಾದರೂ ಹಣಕಾಸು ವರ್ಷದಲ್ಲಿ ಕನಿಷ್ಠ 182 ದಿನ ಭಾರತದಲ್ಲಿ ಇರಬೇಕೆಂದು ಕಾನೂನು ಹೇಳುತ್ತದೆ. ಹಣ ಹೂಡಿದವನು ದೂರದಲ್ಲಿ, ಊರಿನಲ್ಲಿರುವ ನಿರ್ದೇಶಕನಿಗೆ ವಿಷಯ ತಿಳಿಯದು, ಎಲ್ಲವನ್ನೂ ಲೆಕ್ಕಪರಿಶೋಧಕರು ನೋಡಿಕೊಳ್ಳುತ್ತಾರೆಂಬ ಭರವಸೆ. ಲೆಕ್ಕಪರಿಶೋಧಕರ ನೆರವು ಅಗತ್ಯವೇ. ಆದರೆ ಸಕಾಲದಲ್ಲಿ ಸಲ್ಲಿಸುವ ಹೊಣೆಯನ್ನು ಕಾನೂನು ಕಂಪೆನಿ ಮತ್ತು ನಿರ್ದೇಶಕರ ಮೇಲೆಯೇ ಇಟ್ಟಿದೆ. ಸಲ್ಲಿಕೆಯಾದಾಗ ಎಸ್‌ಆರ್‌ಎನ್ ಎಂಬ ಕ್ರಮಸಂಖ್ಯೆಯಿರುವ ಚಲನ್ ದೊರೆಯುತ್ತದೆ. ಅದನ್ನು ಕೇಳಿ ಪಡೆದು ಮನೆಯಲ್ಲಿರಿಸಿಕೊಳ್ಳಿರಿ. ಪೋರ್ಟಲ್‌ನಲ್ಲಿ ಕಂಪೆನಿಯ ಹೆಸರು ಹುಡುಕಿದರೆ ಕೊನೆಯದಾಗಿ ಸಲ್ಲಿಸಿದ ಲೆಕ್ಕಪತ್ರದ ದಿನಾಂಕವು ಉಚಿತವಾಗಿಯೇ ಕಾಣಸಿಗುತ್ತದೆ. ಕಾಲೇಜು ಕಲಿತ ಮಗಳು ಅಥವಾ ಮಗ ಐದು ನಿಮಿಷದಲ್ಲಿ ಇದನ್ನು ನೋಡಿ ಹೇಳಬಲ್ಲರು.

ವ್ಯಾಪಾರ ನಿಂತುಹೋಗಿದ್ದರೆ ಕಂಪೆನಿಯನ್ನು ಹಾಗೆಯೇ ತೊರೆದು ಹೋಗಬಾರದು. ಬಾಕಿ ನಮೂನೆಗಳನ್ನು ಸಲ್ಲಿಸಿ, ಸಾಲಗಳನ್ನು ತೀರಿಸಿ, ಶೇಕಡಾ 75ರಷ್ಟು ಶೇರುಬಂಡವಾಳ ಹೊಂದಿದ ಸದಸ್ಯರ ಒಪ್ಪಿಗೆ ಪಡೆದು ಎಸ್‌ಟಿಕೆ-2 ನಮೂನೆಯ ಮೂಲಕ ಗೌರವಯುತವಾಗಿ ಮುಚ್ಚಬಹುದು. ಇಂತಹ ಅರ್ಜಿಗಳ ವಿಲೇವಾರಿಗೆಂದೇ 2023ರಲ್ಲಿ ಹರಿಯಾಣದ ಮಾನೇಸರದಲ್ಲಿ ಪ್ರತ್ಯೇಕ ಕೇಂದ್ರವು ಆರಂಭವಾಗಿದೆ. ಮುಂದೆ ವ್ಯಾಪಾರ ಮಾಡುವ ಯೋಚನೆಯಿದ್ದರೆ ಸುಪ್ತ ಕಂಪೆನಿಯ ಸ್ಥಾನಮಾನವನ್ನು ಕೋರಬಹುದು. ಹೆಸರು ಈಗಾಗಲೇ ಅಳಿಸಿಹೋಗಿದ್ದು ಕಂಪೆನಿಯ ಹೆಸರಿನಲ್ಲಿ ಜಮೀನೋ ಹಣವೋ ಉಳಿದಿದ್ದರೆ, 20 ವರ್ಷಗಳೊಳಗೆ ರಾಷ್ಟ್ರೀಯ ಕಂಪೆನಿ ಕಾನೂನು ನ್ಯಾಯಮಂಡಳಿಗೆ ಅರ್ಜಿ ಸಲ್ಲಿಸಿ ಅದನ್ನು ಪುನಃಸ್ಥಾಪಿಸಿಕೊಳ್ಳುವ ಅವಕಾಶವೂ ಇದೆ.

ಸಹೋದರ ಸಹೋದರಿಯರೇ, ವ್ಯಾಪಾರಿಯ ಅತಿ ದೊಡ್ಡ ಬಂಡವಾಳ ಅವನ ಮೇಲಿನ ನಂಬಿಕೆ. ಸೀಮಿತ ಹೊಣೆಗಾರಿಕೆಯ ರಕ್ಷಣೆಯನ್ನು ಪಡೆದು ಅದರ ಲೆಕ್ಕವನ್ನು ಕೊಡದಿರುವುದು ಸಾಲ ಪಡೆದು ಚೀಟಿ ಬರೆಯಲು ನಿರಾಕರಿಸಿದಂತೆ. ಈ ಸಭೆಯಿಂದ ಮರಳುವ ಪ್ರತಿಯೊಬ್ಬರೂ ಮನೆಯಲ್ಲಿ ಇಂದೇ ಮೂರು ಪ್ರಶ್ನೆಗಳನ್ನು ಕೇಳಬೇಕೆಂದು ನಾವು ವಿನಂತಿಸುತ್ತೇವೆ. ನಮ್ಮ ಕುಟುಂಬದವರ ಹೆಸರುಗಳು ಯಾವ ಯಾವ ಕಂಪೆನಿಯಲ್ಲಿವೆ? ಅವು ಕೊನೆಯದಾಗಿ ಲೆಕ್ಕ ಒಪ್ಪಿಸಿದ್ದು ಯಾವ ವರ್ಷದಲ್ಲಿ? ಅವರ ಡಿಜಿಟಲ್ ಸಹಿ ಯಾರ ಕೈಯಲ್ಲಿದೆ? ಉತ್ತರ ಗೊತ್ತಿಲ್ಲವೆಂದಾದರೆ ನಾಳೆ ಬೆಳಗ್ಗೆ ಲೆಕ್ಕಪರಿಶೋಧಕರ ಕಚೇರಿಗೆ ಹೋಗಿರಿ, ಹೋಗುವಾಗ ಆ ಎರಡನೆಯ ನಿರ್ದೇಶಕಿಯನ್ನೂ ಜೊತೆಗೆ ಕರೆದೊಯ್ಯಿರಿ.