ಬಚ್ಚಿಟ್ಟ ಬದುಕು ಮತ್ತು ಹೊರನಾಡ ಕನ್ನಡಿಗರು

(ದೇಹೂ ರೋಡಿನಲ್ಲಿ ಕನ್ನಡ ಸಂಘದ ಸದಸ್ಯರೆದುರು ಮಾಡಿದ ಭಾಷಣದ ಬರೆಹರೂಪ)



ಚಲನಚಿತ್ರವನ್ನು ಕುರಿತು ಮಾತನಾಡಬೇಕೆಂದು ಕಾರ್ಯದರ್ಶಿಗಳು ಕೇಳಿದಾಗ, ನಾನು ರಾಜ್‌ಕುಮಾರರ ಅಥವಾ ಪುಟ್ಟಣ್ಣ ಕಣಗಾಲರ ಚಿತ್ರಗಳನ್ನು ಆರಿಸಿಕೊಳ್ಳುವೆನೆಂದು ಅವರು ಎಣಿಸಿದ್ದಿರಬೇಕು. ಆದರೆ ನಾನು ಆರಿಸಿಕೊಂಡಿರುವುದು ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿ ಯಾರೂ ಎತ್ತದ ವಿಷಯ. ತನ್ನೊಳಗಿನ ನಿಜವನ್ನು ಸಮಾಜದ ಭಯದಿಂದ ಬಚ್ಚಿಟ್ಟು ಬದುಕಬೇಕಾದ ಮನುಷ್ಯನ ಪಾಡು ಅದು.

ಬಿ.ಎಸ್. ಲಿಂಗದೇವರು ನಿರ್ದೇಶಿಸಿದ 'ನಾನು ಅವನಲ್ಲ... ಅವಳು' ಚಿತ್ರ 2015ರಲ್ಲಿ ತೆರೆಕಂಡಿತು. ಗಂಡಾಗಿ ಹುಟ್ಟಿ, ತಾನು ಹೆಣ್ಣೆಂಬುದನ್ನು ಒಳಗೊಳಗೇ ಅರಿತ ಮಾದೇಶನೆಂಬ ಹುಡುಗ ವಿದ್ಯಾ ಆಗುವ ಕಥೆ ಅದು. ಈ ಪಾತ್ರಕ್ಕಾಗಿ ಸಂಚಾರಿ ವಿಜಯ್ ಅವರಿಗೆ ಶ್ರೇಷ್ಠ ನಟ ರಾಷ್ಟ್ರಪ್ರಶಸ್ತಿ ದೊರೆಯಿತು. 2021ರಲ್ಲಿ ರಸ್ತೆ ಅಪಘಾತಕ್ಕೆ ತುತ್ತಾಗಿ ಅವರು ಅಕಾಲದಲ್ಲಿ ಅಗಲಿದ್ದು ನಮ್ಮ ರಂಗಭೂಮಿಗೂ ಚಿತ್ರರಂಗಕ್ಕೂ ಆದ ದೊಡ್ಡ ನಷ್ಟ.

ಚಿತ್ರಕ್ಕೆ ಆಧಾರ ಲಿವಿಂಗ್ ಸ್ಮೈಲ್ ವಿದ್ಯಾ ಅವರ ತಮಿಳು ಆತ್ಮಕಥೆ. ಡಾ. ತಮಿಳ್ ಸೆಲ್ವಿ ಅದನ್ನು ಕನ್ನಡಕ್ಕೆ ತಂದರು. ಆ ಪುಸ್ತಕದಲ್ಲಿ ನಾವು ಬದುಕುತ್ತಿರುವ ಈ ಪುಣೆಗೆ ದೊಡ್ಡ ಸ್ಥಾನವಿದೆ. ಭಾಷಾಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಪಡೆದ ಆಕೆ, ಹೆಣ್ಣಾಗಿ ಬದುಕಬೇಕೆಂಬ ಒಂದೇ ಕಾರಣಕ್ಕೆ ತಮಿಳುನಾಡಿನ ಮನೆಯನ್ನು ಬಿಟ್ಟು ಪುಣೆಗೆ ಬಂದು ಇಲ್ಲಿನ ರೈಲುಗಳಲ್ಲಿ ಕೈಯೊಡ್ಡಿ ಬದುಕಬೇಕಾಯಿತು. ಲೋನಾವಳ ಲೋಕಲ್ಲಿನಲ್ಲಿ ದಿನವೂ ಓಡಾಡುವ ನಾವು, ಚಪ್ಪಾಳೆಯ ಸದ್ದು ಕೇಳಿದೊಡನೆ ಕಿಟಕಿಯತ್ತ ಮುಖ ತಿರುಗಿಸುತ್ತೇವೆ. ಹಾಗೆ ಕೈಯೊಡ್ಡಿದವರಲ್ಲಿ ಒಬ್ಬರು ಎಂ.ಎ. ಓದಿದವರಾಗಿರಬಹುದೆಂದು ನಮ್ಮಲ್ಲಿ ಎಷ್ಟು ಜನ ಯೋಚಿಸಿದ್ದೇವೆ?

ಇಲ್ಲಿ ಒಂದು ವ್ಯತ್ಯಾಸವನ್ನು ಸ್ಪಷ್ಟಪಡಿಸುವುದು ಅಗತ್ಯ. ತಾನು ಗಂಡೋ ಹೆಣ್ಣೋ ಎಂಬ ಒಳಗಿನ ಅರಿವು ಬೇರೆ. ಮನಸ್ಸು ಯಾರತ್ತ ಒಲಿಯುತ್ತದೆ ಎಂಬುದು ಬೇರೆ. ವಿದ್ಯಾ ಅವರದು ಮೊದಲನೆಯದು. ಎರಡನೆಯದನ್ನು ಕನ್ನಡದಲ್ಲಿ ಸಂಕೋಚವಿಲ್ಲದೆ ಬರೆದವರು ಸಂಡೂರಿನ ವಸುಧೇಂದ್ರ. ಅವರ 'ಮೋಹನಸ್ವಾಮಿ' 2013ರಲ್ಲಿ ಪ್ರಕಟವಾಯಿತು. ಎರಡರ ಸ್ವರೂಪ ಭಿನ್ನವಾದರೂ, ಮುಚ್ಚಿಡಬೇಕಾದ ಹಿಂಸೆ ಮಾತ್ರ ಒಂದೇ.

ಮುಚ್ಚಿಟ್ಟದ್ದರ ಬೆಲೆಯನ್ನು ಮುಚ್ಚಿಟ್ಟವನೊಬ್ಬನೇ ತೆರುವುದಿಲ್ಲ. ನಮ್ಮ 'ಕನ್ನೇಶ್ವರ ರಾಮ'ದಲ್ಲಿ ನಟಿಸಿದ್ದ ಅಮೋಲ್ ಪಾಲೇಕರರು 2006ರಲ್ಲಿ ಮರಾಠಿಯಲ್ಲಿ 'ಥಾಂಗ್' ಎಂಬ ಚಿತ್ರವನ್ನು ನಿರ್ದೇಶಿಸಿದರು. ಅದೇ ಕಥೆಯನ್ನು 'ಕ್ವೆಸ್ಟ್' ಎಂಬ ಹೆಸರಿನಲ್ಲಿ ಇಂಗ್ಲಿಷಿನಲ್ಲಿಯೂ ತೆಗೆದರು. ತನ್ನ ಗಂಡನಿಗೆ ಇನ್ನೊಬ್ಬ ಪುರುಷನೊಡನೆ ಸಂಬಂಧವಿದೆಯೆಂದು ಹೆಂಡತಿಗೆ ತಿಳಿಯುವುದೇ ಅದರ ವಸ್ತು. ತಪ್ಪು ಯಾರದೆಂದು ಸುಲಭವಾಗಿ ಹೇಳಿಬಿಡಬಹುದೇ? 'ಮದುವೆಯಾದರೆ ಎಲ್ಲ ಸರಿಹೋಗುತ್ತದೆ' ಎಂದು ಅಕ್ಷತೆ ಹಾಕುವ ಹಿರಿಯರು, ಮಗನ ಒಳಗನ್ನು ಮುಚ್ಚುವ ಅವಸರದಲ್ಲಿ ಪರರ ಮನೆಯ ಹೆಣ್ಣುಮಗಳ ಬಾಳನ್ನೂ ಪಣಕ್ಕೆ ಒಡ್ಡುತ್ತಾರೆ. ಆಕೆಗೆ ಈ ವಿಷಯ ತಿಳಿಸುವವರು ಯಾರೂ ಇರುವುದಿಲ್ಲ.

ಕೇಂದ್ರ ಸರ್ಕಾರದ ನೌಕರಿಯಲ್ಲಿ ನಾನು ಹಲವು ಊರು ಸುತ್ತಿದವನು. ಹೊಸ ಊರಿಗೆ ಹೋದೊಡನೆ ಎಲ್ಲರೂ ಕೇಳುವ ಮೊದಲ ಪ್ರಶ್ನೆ, 'ಸಂಸಾರ ಎಲ್ಲಿದೆ?' ನನ್ನ ಸಹೋದ್ಯೋಗಿಯೊಬ್ಬರು ಅವಿವಾಹಿತರು. ಈ ಪ್ರಶ್ನೆಗೆ ಅವರು ಒಂದೂರಿನಲ್ಲಿ ತಾಯಿಯ ಅನಾರೋಗ್ಯವನ್ನು, ಇನ್ನೊಂದೂರಿನಲ್ಲಿ ತಂಗಿಯ ಮದುವೆಯನ್ನು ಕಾರಣವಾಗಿ ಹೇಳುತ್ತಿದ್ದರು. ಬೇರೆಯವರು ಬೇಡವೆನ್ನುವ ದೂರದ ಠಾಣೆಗಳಿಗೆ ಅವರು ತಾವಾಗಿಯೇ ವರ್ಗ ಕೇಳುತ್ತಿದ್ದರು. ನಿವೃತ್ತಿಯ ಬಳಿಕವಷ್ಟೇ ನಿಜವನ್ನು ಹೇಳಿದರು: 'ನೆಂಟರಿಲ್ಲದ ಊರಿನಲ್ಲಿ ನನಗೆ ಸುಳ್ಳು ಹೇಳುವ ಪ್ರಮೇಯ ಕಡಿಮೆ.' ನಾವು ಅನ್ನಕ್ಕಾಗಿ ಊರು ಬಿಟ್ಟವರು. ಉಸಿರಾಡುವುದಕ್ಕಾಗಿಯೇ ಊರು ಬಿಟ್ಟವರೂ ನಮ್ಮ ನಡುವೆ ಇದ್ದಾರೆ.

ಕಾನೂನು ಸಾಕಷ್ಟು ಮುಂದೆ ಸಾಗಿದೆ. 2014ರ ಏಪ್ರಿಲ್ 15ರಂದು ಸರ್ವೋಚ್ಚ ನ್ಯಾಯಾಲಯ ತೃತೀಯ ಲಿಂಗಿಗಳ ಅಸ್ಮಿತೆಯನ್ನು ಮಾನ್ಯ ಮಾಡಿತು. 2018ರ ಸೆಪ್ಟೆಂಬರ್ 6ರಂದು, ವಯಸ್ಕರ ಸಮ್ಮತಿಯ ಸಲಿಂಗ ಸಂಬಂಧ ಅಪರಾಧವಲ್ಲವೆಂದು ತೀರ್ಪಿತ್ತಿತು. ಸಲಿಂಗ ವಿವಾಹಕ್ಕೆ ಮಾತ್ರ 2023ರಲ್ಲಿ ಅದು ಮಾನ್ಯತೆ ನೀಡಲಿಲ್ಲ. ಕೇಂದ್ರ ಸೇವೆಗಳ ಪರೀಕ್ಷಾ ಅರ್ಜಿಗಳಲ್ಲಿ ತೃತೀಯ ಲಿಂಗಿಗಳಿಗೆ ಪ್ರತ್ಯೇಕ ಕಲಮು ಇರಬೇಕೆಂದು 2020ರಲ್ಲಿ ಸೂಚನೆ ಹೊರಟಿತು. ಕರ್ನಾಟಕ 2021ರಲ್ಲಿ ತನ್ನ ನೇಮಕಾತಿಗಳಲ್ಲಿ ಅವರಿಗೆ ಶೇಕಡಾ 1ರಷ್ಟು ಮೀಸಲಾತಿ ಕಲ್ಪಿಸಿತು. ಜೋಗತಿ ನೃತ್ಯದ ಮಂಜಮ್ಮನವರು ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷೆಯಾದರು, ಪದ್ಮಶ್ರೀ ಪಡೆದರು. ಸರ್ಕಾರಿ ನಮೂನೆಯಲ್ಲಿ ಒಂದು ಕಲಮು ಸೇರಿಸಲು ಸುತ್ತೋಲೆ ಸಾಕು ಎಂಬುದನ್ನು ನಾನು ಅನುಭವದಿಂದ ಬಲ್ಲೆ. ಮನೆಯ ಪಡಸಾಲೆಗೆ ಯಾವ ಸುತ್ತೋಲೆಯೂ ತಲುಪುವುದಿಲ್ಲ.

ಅದಕ್ಕಾಗಿಯೇ ಈ ಮಾತನ್ನು ಸಂಘದ ವೇದಿಕೆಯಲ್ಲಿ ಆಡುತ್ತಿದ್ದೇನೆ. ಹೊರನಾಡಿನಲ್ಲಿ ನಮಗೆ ಸಂಘವೇ ತವರು. ಆದರೆ ರಾಜ್ಯೋತ್ಸವ, ಯುಗಾದಿಗಳೊಂದಿಗೆ ಊರಿನ ಕಟ್ಟೆಯ ಮೇಲಿನ ಚುಚ್ಚುಮಾತುಗಳನ್ನೂ ನಾವು ಇಲ್ಲಿಗೆ ಹೊತ್ತು ತಂದಿದ್ದೇವೆ. ಮೂವತ್ತು ದಾಟಿದ ಹುಡುಗ ಸಮಾರಂಭಕ್ಕೆ ಬಂದರೆ ನಾಲ್ಕು ಜನ ಸುತ್ತುವರಿದು ಮದುವೆಯ ಮಾತೆತ್ತುತ್ತಾರೆ. ಮುಂದಿನ ವರ್ಷ ಅವನು ಬರುವುದಿಲ್ಲ. ಮಕ್ಕಳು ಕನ್ನಡದಿಂದ ದೂರವಾಗುತ್ತಿದ್ದಾರೆಂದು ಕೊರಗುವ ನಾವು, ಕೆಲವರನ್ನು ದೂರ ಮಾಡಿದ್ದು ನಮ್ಮದೇ ಪ್ರಶ್ನೆಗಳು ಎಂಬುದನ್ನು ಮನಗಾಣಬೇಕು.

1954ರ ಡಿಸೆಂಬರ್ 25ರಂದು ಡಾ. ಅಂಬೇಡ್ಕರರು ಬುದ್ಧನ ಮೂರ್ತಿಯನ್ನು ಪ್ರತಿಷ್ಠಾಪಿಸಿದ ಊರು ಈ ದೇಹೂ ರೋಡು. ಹುಟ್ಟಿನ ಕಾರಣದಿಂದ ಯಾರನ್ನೂ ಕೀಳೆನ್ನಲಾಗದು ಎಂಬ ಮಾತಿಗೆ ಈ ನೆಲದಲ್ಲಿ ವಿಶೇಷ ಅರ್ಥವಿದೆ.

ನನ್ನ ಸಲಹೆಗಳು ಎರಡೇ. ಸಂಘ ಈ ವರ್ಷ 'ನಾನು ಅವನಲ್ಲ... ಅವಳು' ಚಿತ್ರವನ್ನು ಕುಟುಂಬಸಮೇತ ನೋಡುವ ಏರ್ಪಾಡು ಮಾಡಲಿ. ವಧೂವರರ ಸಮಾವೇಶ ನಡೆಸುವಾಗ, ಹೆಸರು ಬರೆಸುವವರು ತಂದೆತಾಯಿಯರಾದರೂ, ಹುಡುಗ ಹುಡುಗಿಯರ ಇಚ್ಛೆಯನ್ನು ಏಕಾಂತದಲ್ಲಿ ಕೇಳಿ ತಿಳಿಯುವ ನಿಯಮವಿರಲಿ. ಬೇಡವೆಂದವರಿಂದ ಕಾರಣ ಕೇಳುವುದು ಬೇಡ. ಇಷ್ಟರಿಂದ ಸಮಾಜ ಬದಲಾಗಿಬಿಡುವುದಿಲ್ಲ, ನಿಜ. ಆದರೆ ನಮ್ಮವರಲ್ಲಿ ಒಬ್ಬರಾದರೂ ಸುಳ್ಳು ಹೇಳದೆ ಈ ಸಭಾಂಗಣಕ್ಕೆ ಬರುವಂತಾದರೆ, ಸಂಘ ತವರೆಂಬ ಮಾತು ಸಾರ್ಥಕವಾದೀತು.