ಅಂಕ ಹಾಕುವವರ ಅಳಲು
(ಸಾನಪಾಡಾದಲ್ಲಿ ಕಾರ್ಮಿಕ ಬಂಧುಗಳ ಮುಂದೆ ಮಾಡಿದ ಭಾಷಣ)



ಹೊಟೇಲಿನಲ್ಲಿ ಧಣಿಗಳಿಗೂ ಮಾಣಿಗಳಿಗೂ ನಡುವೆ ನಿಂತಿರುವ ಮೇಲ್ವಿಚಾರಕರು ನಾವು. ತಟ್ಟೆ ತೊಳೆದೇ ಇಲ್ಲಿಗೆ ಬಂದವರು. ನಾವು ಧಣಿಗಳ ಕಡೆಯವರೆಂದು ನೀವು ಬಗೆಯುತ್ತೀರಿ. ನಿಮ್ಮ ಕಡೆಯವರೆಂದು ಧಣಿಗಳು ಬಗೆಯುತ್ತಾರೆ. ಈಗ ಕೆಲಸ ಅಳೆಯುವ ಹೊಸ ಪದ್ಧತಿಯೊಂದು ಬಂದಿದೆ. ತಿಂಗಳ ಕೊನೆಗೆ ಪ್ರತಿಯೊಬ್ಬನಿಗೂ ಅಂಕ ಹಾಕಬೇಕು. ಹಾಕಬೇಕಾದವರು ನಾವೇ.

ಪದ್ಧತಿಯ ಮೂಲ ಕೆಟ್ಟದ್ದೆಂದು ನಾವು ಹೇಳಲಾರೆವು. 1992ರಲ್ಲಿ ಅಮೆರಿಕೆಯ ಕ್ಯಾಪ್ಲನ್ ಮತ್ತು ನಾರ್ಟನ್ ಎಂಬಿಬ್ಬರು, ಹಣದ ಲೆಕ್ಕವೊಂದನ್ನೇ ನೋಡಿದರೆ ಸಾಲದು. ಗಿರಾಕಿಯ ಅಭಿಪ್ರಾಯ, ಒಳಗಿನ ಕೆಲಸದ ಕ್ರಮ, ಕಲಿತು ಬೆಳೆಯುವ ಅವಕಾಶ ಇವನ್ನೂ ನೋಡಬೇಕೆಂದು ಬರೆದರು. ಅವರು ಅಳೆಯಹೊರಟದ್ದು ಸಂಸ್ಥೆಯನ್ನು. ನಮ್ಮ ಕೈ ಸೇರುವ ಹೊತ್ತಿಗೆ ಅದು ಮಾಣಿಯ ತಲೆಗೆ ಕಟ್ಟಿದ ಅಂಕವಾಗಿದೆ. ಧಣಿ ಅವನಿಗೆ ಏನು ಕಲಿಸಿದರು ಎಂದು ಕೇಳುವ ಕಲಮೇ ಕಾಗದದಲ್ಲಿಲ್ಲ!

ಗಿರಣಿಯ ಹಿರಿಯರಿಗೆ ಇದು ಹೊಸ ಕಥೆಯಲ್ಲ. ದಕ್ಷತೆಯ ಹೆಸರಿನಲ್ಲಿ ಎರಡು ಮಗ್ಗ ನೋಡುವ ನೇಕಾರನಿಗೆ ಮೂರು ಮಗ್ಗ ವಹಿಸಹೊರಟದ್ದೂ 1928ರ ಮುಂಬಯಿ ಮುಷ್ಕರಕ್ಕೆ ಒಂದು ಕಾರಣ. ಏಪ್ರಿಲಿನಿಂದ ಅಕ್ಟೋಬರದವರೆಗೆ ಗಿರಣಿಗಳು ನಿಂತವು. ನೂಲು ಕಳಪೆಯಾದರೆ ಎಳೆ ಕಡಿಯುತ್ತದೆ. ಬಟ್ಟೆ ಕಡಿಮೆಯಾದದ್ದು ಮಾತ್ರ ನೇಕಾರನ ಲೆಕ್ಕಕ್ಕೆ. ನಡುವೆ ನಿಂತ ಜಾಬರನಿಗೆ ಮೇಲಿನಿಂದ ಬೈಗುಳ, ಕೆಳಗಿನಿಂದ ಶಾಪ. (ಎಲ್ಲ ಜಾಬರರೂ ಸಾಧುಗಳಾಗಿದ್ದರೆಂದು ನಾವು ಹೇಳುತ್ತಿಲ್ಲ.)

ನಮ್ಮದೇ ತಪ್ಪೊಂದನ್ನು ಒಪ್ಪಿಕೊಳ್ಳಬೇಕು. ಕಳೆದ ಮಳೆಗಾಲದಲ್ಲಿ ಇಬ್ಬರು ಜ್ವರದಿಂದ ಮಲಗಿದಾಗ ಒಬ್ಬ ಹುಡುಗನನ್ನು ನಾವೇ ನಾಲ್ಕು ದಿನ ಎರಡೂ ಪಾಳಿಗೆ ನಿಲ್ಲಿಸಿದೆವು. ಐದನೆಯ ದಿನ ಅವನ ಕೈಯಿಂದ ಗ್ಲಾಸುಗಳ ತಟ್ಟೆ ಜಾರಿತು. ಕಾಗದದಲ್ಲಿ ಗ್ಲಾಸಿಗೆ ಕಲಮಿತ್ತು, ನಿದ್ದೆಗೆಟ್ಟದ್ದಕ್ಕೆ ಇರಲಿಲ್ಲ. ಅಂಕ ಕಡಿಮೆ ಹಾಕಿದೆವು. ಅವನ ಬಡ್ತಿ ತಪ್ಪಿತು. "ನಿಲ್ಲು ಅಂದದ್ದು ನೀವೇ ಅಲ್ಲವೇ, ಅಣ್ಣಾ?" ಎಂದಷ್ಟೇ ಕೇಳಿದ. ಉತ್ತರ ನಮ್ಮಲ್ಲಿರಲಿಲ್ಲ.

ಆಮೇಲೆ ಧಣಿಗಳ ಮುಂದೆ ಹೋಗಿ ಹೇಳಿದೆವು: ಅಳೆಯುವುದು ಬೇಡವೆನ್ನುವುದಿಲ್ಲ. ಅಳತೆಯಿಲ್ಲದ ಕಡೆ ಧಣಿಯ ಮರ್ಜಿಯೇ ಅಳತೆಯಾಗುವುದನ್ನೂ ಕಂಡಿದ್ದೇವೆ. ಆದರೆ ಆಳು ಎಷ್ಟು ಕಡಿಮೆಯಿತ್ತು ಎಂಬುದನ್ನು ಅದೇ ಕಾಗದದಲ್ಲಿ ಬರೆಯಲು ಬಿಡಿ. ಅಂಕವನ್ನು ಕೆಲಸಗಾರನಿಗೆ ತೋರಿಸಿ, ಅವನ ಮಾತನ್ನೂ ಬರೆದುಕೊಳ್ಳಿ. ಒಂದು ವರ್ಷ ಪಗಾರಕ್ಕೆ ಗಂಟುಹಾಕಬೇಡಿ.

"ನೋಡೋಣ" ಎಂದಿದ್ದಾರೆ. ಬರುವ ತಿಂಗಳಿನಿಂದ ನಮ್ಮ ಸಹಿಯ ಪಕ್ಕದಲ್ಲಿ ನಿಮ್ಮ ಸಹಿಗೂ ಜಾಗ ಬಿಟ್ಟೇ ಕಾಗದ ತರುತ್ತೇವೆ. ಓದದೆ ಸಹಿ ಹಾಕಬೇಡಿ. ಓದಲು ಬಾರದವರು ಬಲ್ಲವರಿಂದ ಓದಿಸಿಕೊಳ್ಳಿ.